ಐಸಿಸ್ ದೇವಿಯ ಮನೆತನ ಬಿಡಿಸುವುದು ಹೇಗೆ

ಕಲಬುರಗಿಯ ನಮ್ಮ ಮನೆಯ ನೆಲಕ್ಕೆ ಶಹಾಬಾದ್ ಕಲ್ಲು. ಮೊಮ್ಮಗಳಿಗೆ ಈಜಿಪ್ಟಿನ ಐಸಿಸ್ ದೇವಿಯ ಕಥೆ ಹೇಳುವಾಗ ಆ ಕಲ್ಲೇ ನನಗೆ ಹಲಗೆ. ನೀವೂ ಒಂದು ಸೀಮೆಸುಣ್ಣ ತಗೊಳ್ಳಿ.

ಮೇಲೆ ನೂಟ್, ಕೆಳಗೆ ಗೆಬ್ ಅಂತ ಬರೆಯಿರಿ. ಇಲ್ಲೇ ತಪ್ಪುವುದು ಜಾಸ್ತಿ. ನಮಗೆ ಭೂಮಿ ತಾಯಿ ಅಲ್ವಾ? ಅಲ್ಲಿ ಆಕಾಶ ತಾಯಿ, ಅವಳೇ ನೂಟ್; ಭೂಮಿ ತಂದೆ, ಅವನೇ ಗೆಬ್. ‘ಮುತ್ಯಾ, ಭೂಮಿ ಗಂಡಸಾ?’ ಅಂತ ನನ್ನ ಮೊಮ್ಮಗಳು ಕಣ್ಣರಳಿಸಿದ್ದಳು. ನೂಟ್‌ಳನ್ನು ಕೈಕಾಲು ಊರಿ ಬಾಗಿದ ಹೆಂಗಸಿನಂತೆ ಬಿಡಿಸಿ, ಮಕ್ಕಳು ಮರೆಯುವುದಿಲ್ಲ.

ಅವರ ಕೆಳಗೆ ನಾಲ್ಕು ಮಕ್ಕಳು: ಒಸೈರಿಸ್, ಐಸಿಸ್, ಸೆತ್, ನೆಫ್ತಿಸ್. ಐಸಿಸ್‌ಗೆ ಒಸೈರಿಸ್ ಅಣ್ಣನೂ ಹೌದು, ಗಂಡನೂ ಹೌದು. ನೆಫ್ತಿಸ್ ಗಂಡ ಸೆತ್. ಸೆತ್ ಒಸೈರಿಸ್‌ನನ್ನು ಕೊಂದ. ಐಸಿಸ್ ಗಂಡನ ದೇಹ ಹುಡುಕಿ, ಮಂತ್ರದಿಂದ ಎಬ್ಬಿಸಿ, ಹೋರಸ್‌ನನ್ನು ಹಡೆದಳು. ಕೊಂದವನ ಹೆಂಡತಿಯೇ ಅಕ್ಕನ ಜೊತೆ ಕೂತು ಅತ್ತಳು. ಇದನ್ನು ಹೇಳುವಾಗ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತದೆ. ಅಕ್ಕತಂಗಿಯರ ನಡುವೆ ದಪ್ಪ ಗೆರೆ ಎಳೆಯಿರಿ.

ಈಗ ಈಜಿಪ್ಟಿನ ಚಿತ್ರಗಳಲ್ಲಿ ದೇವಿಯರ ತಲೆಯ ಮೇಲಿರುವ ಗುರುತು. ಐಸಿಸ್‌ಗೆ ಮೆಟ್ಟಿಲಿನಂಥ ಸಿಂಹಾಸನ. ನೆಫ್ತಿಸ್‌ಗೆ ಮನೆ, ಅದರ ಮೇಲೆ ಬುಟ್ಟಿ. ಹಸುವಿನ ಕೊಂಬು, ನಡುವೆ ಸೂರ್ಯ ಇದ್ದರೆ ಹಾಥೋರ್ ಎಂಬ ಇನ್ನೊಬ್ಬ ದೇವಿ. ಆದರೆ ಮುಂದೆ ಐಸಿಸ್‌ಗೂ ಅದೇ ಕೊಂಬು ಬಂತು. ಸುಮ್ನೆ ಕೊಂಬು ನೋಡಿ ಹೆಸರು ಹೇಳಬೇಡಿ, ಪಕ್ಕದ ಬರಹದಲ್ಲಿ ಸಿಂಹಾಸನದ ಗುರುತು ಹುಡುಕಿ.

ಮೂಲೆಯಲ್ಲಿ ನೈಲ್ ನದಿ, ಅದರೊಳಗಿನ ಫಿಲೆ ದ್ವೀಪದ ಐಸಿಸ್ ಗುಡಿ ಬಿಡಿಸಿ. ಅಣೆಕಟ್ಟಿನ ನೀರಿನಿಂದ ಉಳಿಸಲು 1970ರ ದಶಕದಲ್ಲಿ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಪಕ್ಕದ ಅಗಿಲ್ಕಿಯಾ ದ್ವೀಪದಲ್ಲಿ ಮತ್ತೆ ಕಟ್ಟಿದರು.