ಊರಿನ ಹಸಿರು ಎಷ್ಟು ಹೋಯ್ತು? ಅಳೆಯೋದು ಹೀಗೆ

ನಮ್ಮ ಲೇಔಟಿನ ವಾಟ್ಸಾಪ್ ಗ್ರೂಪಿಗೆ ವರ್ಷಕ್ಕೆ ಎರಡು ಸಲವಾದರೂ ಒಂದು ಜೋಡಿ ಚಿತ್ರ ಬರುತ್ತದೆ. ಎಡಗಡೆ ಹಸಿರು ಬೆಂಗಳೂರು, ಬಲಗಡೆ ಕೆಂಪು ಬೆಂಗಳೂರು, ಕೆಳಗೆ ಅಳುವ ಮುಖಗಳ ಸಾಲು. ಹೋದ ಸಲ ಬಂದದ್ದರಲ್ಲಿ ಎಡಗಡೆಯದು ನವೆಂಬರಿನ ಚಿತ್ರ, ಬಲಗಡೆಯದು ಏಪ್ರಿಲ್‌ನದು. ಮಳೆ ಮುಗಿದ ಹೊತ್ತಿನ ಊರನ್ನೂ ಬೇಸಿಗೆಯ ಊರನ್ನೂ ಪಕ್ಕಪಕ್ಕ ಇಟ್ಟರೆ ಯಾವ ಊರಾದರೂ ಬೋಳಾಗಿಯೇ ಕಾಣುತ್ತದೆ, ಅಲ್ವಾ? ಬೆಂಗಳೂರಿನಲ್ಲಿ ಮರ ಹೋಗಿಲ್ಲ ಅಂತ ನಾನು ಹೇಳುತ್ತಿಲ್ಲ. ಬೇಕಾದಷ್ಟು ಹೋಗಿವೆ. ಅದಕ್ಕೇ ಲೆಕ್ಕ ಗಟ್ಟಿಯಾಗಿರಬೇಕು. ಹಾರಿಕೆ ಲೆಕ್ಕ ಹಿಡಿದು ಸಭೆಗೆ ಹೋದರೆ ಎದುರು ಕೂತ ಎಂಜಿನಿಯರ್ ಒಂದೇ ಪ್ರಶ್ನೆಯಲ್ಲಿ ನಮ್ಮನ್ನು ಕೂರಿಸಿಬಿಡುತ್ತಾರೆ. ನನ್ನನ್ನು ಹಾಗೆ ಕೂರಿಸಿದ್ದಾರೆ.

ಬೇಕಾದದ್ದು ಒಂದು ಸಾಧಾರಣ ಲ್ಯಾಪ್‌ಟಾಪು, ನಕ್ಷೆ ಕೆಲಸಕ್ಕೆ ಕ್ಯೂಜಿಐಎಸ್ ಅನ್ನುವ ಉಚಿತ ಸಾಫ್ಟ್‌ವೇರ್, ಗೂಗಲ್ ಅರ್ಥ್ ಪ್ರೊ, ಮತ್ತೆ ಎರಡು ಭಾನುವಾರ. ದುಡ್ಡು ಕೊಟ್ಟು ಏನೂ ಕೊಳ್ಳಬೇಡಿ.

ಮೊದಲು, ಹಸಿರು ಅಂದರೆ ಏನು ಅಂತ ಬರೆದುಕೊಳ್ಳಿ

ಮರದ ನೆರಳಾ? ಹುಲ್ಲು, ಹೊಲ, ಕಳೆ ಎಲ್ಲ ಸೇರಿದ ಹಸಿರಾ? ಅಥವಾ ದಾಖಲೆಯಲ್ಲಿ ಪಾರ್ಕು ಅಂತ ಇರುವ ಜಾಗವಾ? ಮೂರೂ ಬೇರೆ ಬೇರೆ ಲೆಕ್ಕ. ಭಾರತೀಯ ಅರಣ್ಯ ಸರ್ವೇಕ್ಷಣೆಯ ವರದಿ ನೋಡಿ. ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಜಾಗದಲ್ಲಿ ನೂರಕ್ಕೆ ಹತ್ತು ಭಾಗ ಮರದ ನೆರಳಿದ್ದರೆ ಅದಕ್ಕೆ ಅರಣ್ಯ ಹೊದಿಕೆ ಅನ್ನುತ್ತಾರೆ. ಜಾಗ ಯಾರದ್ದಾದರೂ ಸರಿ, ಮಾವಿನ ತೋಪಾದರೂ ಸರಿ. ನಿಮ್ಮ ರಸ್ತೆಯ ಎರಡು ಬದಿಯ ಹೊಂಗೆ ಸಾಲು ಒಂದು ಹೆಕ್ಟೇರ್ ಆಗದಿದ್ದರೆ ಆ ಪಟ್ಟಿಗೆ ಬರುವುದಿಲ್ಲ. ಆ ವರದಿಯ ಅಂಕಿಯನ್ನೂ ನಿಮ್ಮ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ಜಗಳ ಆಡಿ ಪ್ರಯೋಜನ ಇಲ್ಲ. ನನ್ನ ಸಲಹೆ, ಊರೊಳಗೆ ಮರವನ್ನಷ್ಟೇ ಅಳೆಯಿರಿ. ಹುಲ್ಲು ಒಂದು ಮಳೆಗೆ ಬರುತ್ತದೆ, ಒಂದು ಬಿಸಿಲಿಗೆ ಹೋಗುತ್ತದೆ.

ಗಡಿ ಒಂದೇ ಇರಲಿ

ಇದು ಐದು ನಿಮಿಷದ ಕೆಲಸ, ಆದರೂ ತಪ್ಪುತ್ತಾರೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಜಾಸ್ತಿ ಹಳ್ಳಿ ಸೇರಿ ಬಿಬಿಎಂಪಿ ಆಯಿತು. ಸುಮಾರು 226 ಚದರ ಕಿಲೋಮೀಟರ್ ಇದ್ದ ಪಾಲಿಕೆ 700 ದಾಟಿತು. 2025ರಲ್ಲಿ ಅದೂ ಹೋಗಿ ಐದು ಪಾಲಿಕೆಗಳಾದವು. ಹಳೇ ವರ್ಷಕ್ಕೆ ಹಳೇ ಗಡಿ, ಹೊಸ ವರ್ಷಕ್ಕೆ ಹೊಸ ಗಡಿ ಹಾಕಿದರೆ ಹೊಲ, ತೋಪು, ಕೆರೆ ಅಂಗಳ ಎಲ್ಲ ಒಳಗೆ ಬಂದು ಒಂದು ಗಿಡ ನೆಡದೆಯೂ ಬೆಂಗಳೂರು ಹಸಿರಾಗಿಬಿಡುತ್ತದೆ! ಯಾವುದಾದರೂ ಒಂದು ಗಡಿ ಹಿಡಿದು ಎರಡೂ ವರ್ಷಕ್ಕೆ ಅದನ್ನೇ ಹಾಕಿ. ನಕ್ಷೆಯನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ವಿಸ್ತೀರ್ಣ ಡಿಗ್ರಿಯಲ್ಲಿ ಬರುತ್ತದೆ.

ಚಿತ್ರ ಆರಿಸುವುದು: ಎಲ್ಲರೂ ಎಡವುವುದು ಇಲ್ಲೇ

ಉಚಿತವಾಗಿ ಸಿಗುವವು ಮುಖ್ಯವಾಗಿ ಎರಡು. ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳು 30 ಮೀಟರ್ ಅಳತೆಯಲ್ಲಿ 1980ರ ದಶಕದಿಂದ ಸಿಗುತ್ತವೆ. ಯುರೋಪಿನ ಸೆಂಟಿನೆಲ್-2 ಬಂದದ್ದು 2015ರಲ್ಲಿ, ಅಳತೆ 10 ಮೀಟರ್. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಸೆಂಟಿನೆಲ್‌ನ ಒಂದು ಚೌಕ ಹೆಚ್ಚುಕಮ್ಮಿ ಒಂದು ಥರ್ಟಿ ಫಾರ್ಟಿ ಸೈಟು. ಲ್ಯಾಂಡ್‌ಸ್ಯಾಟ್‌ನ ಒಂದು ಚೌಕಕ್ಕೆ ಅಂಥ ಎಂಟು ಸೈಟು ಬೀಳುತ್ತವೆ. ಎಂಟು ಸೈಟಿನ ನಡುವೆ ಎರಡು ತೆಂಗಿನಮರ, ಒಂದು ನುಗ್ಗೆ ಇದ್ದರೆ ಉಪಗ್ರಹಕ್ಕೆ ಅದು ಮಬ್ಬು ಬಣ್ಣದ ಒಂದೇ ಚೌಕ. ಇವೆರಡನ್ನು ಬೆರೆಸಬೇಡಿ. ಹಳೇ ವರ್ಷಕ್ಕೆ ಲ್ಯಾಂಡ್‌ಸ್ಯಾಟ್, ಹೊಸದಕ್ಕೆ ಸೆಂಟಿನೆಲ್ ಅಂತ ಹಾಕಿದರೆ ನೀವು ಅಳೆಯುವುದು ಕ್ಯಾಮೆರಾ ಬದಲಾದದ್ದನ್ನು, ಊರು ಬದಲಾದದ್ದನ್ನಲ್ಲ. ಲ್ಯಾಂಡ್‌ಸ್ಯಾಟ್ 7ರ ಚಿತ್ರಗಳಲ್ಲಿ 2003ರ ಮೇ ತಿಂಗಳಿಂದೀಚೆಗೆ ಪಟ್ಟಿಪಟ್ಟಿಯಾಗಿ ಜಾಗ ಖಾಲಿ ಇರುತ್ತದೆ. ಅದರ ಯಂತ್ರ ಕೆಟ್ಟದ್ದು ಆಗಲೇ. ಆ ಪಟ್ಟಿಗಳನ್ನು ತುಂಬುವ ಉಪಾಯಗಳಿವೆ, ಸುಮ್ನೆ ತಲೆನೋವು. ಅದೇ ಕಾಲದ ಲ್ಯಾಂಡ್‌ಸ್ಯಾಟ್ 5 ತೆಗೆದುಕೊಳ್ಳಿ.

ಯಾವ ತಿಂಗಳು? ಸಂಕ್ರಾಂತಿಯಿಂದ ಶಿವರಾತ್ರಿಯ ಒಳಗೆ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮೋಡ. ನವೆಂಬರಿನಲ್ಲಿ ಹೊರವಲಯದ ರಾಗಿ, ಅವರೆ ಹೊಲಗಳು ಇನ್ನೂ ನಿಂತಿರುತ್ತವೆ, ಅವೂ ಮರದ ಲೆಕ್ಕಕ್ಕೆ ನುಸುಳುತ್ತವೆ. ಸಂಕ್ರಾಂತಿ ಹೊತ್ತಿಗೆ ರಾಗಿ ಕಣಕ್ಕೆ ಬಂದಿರುತ್ತದೆ, ಖಾಲಿ ಸೈಟಿನ ಕಳೆ ಒಣಗುತ್ತಿರುತ್ತದೆ, ಮರ ಮಾತ್ರ ಹಸಿರಾಗಿ ಉಳಿದಿರುತ್ತದೆ. ಶಿವರಾತ್ರಿ ಕಳೆದರೆ ಬೇರೆ ಕಥೆ. ಮಳೆಮರ ಎಲೆ ಉದುರಿಸುತ್ತದೆ, ಹಳದಿ ಟಬೆಬುಯಾ ಎಲೆಯೆಲ್ಲ ಬಿಟ್ಟು ಹೂ ಹೊತ್ತು ನಿಲ್ಲುತ್ತದೆ, ಹೊಂಗೆ ಬೋಳಾಗಿ ಮತ್ತೆ ಬೇಗನೆ ಎಳೆ ಹಸಿರಾಗುತ್ತದೆ. ಹತ್ತು ದಿನ ಆಚೀಚೆ ಆದರೂ ಒಂದು ರಸ್ತೆಯೇ ಲೆಕ್ಕದಿಂದ ಮಾಯ.

ತಿಂಗಳು ಒಂದೇ ಇದ್ದರೆ ಸಾಕಾ? ಸಾಲದು. ಹಿಂದಿನ ಮಳೆಗಾಲ ಹೇಗಿತ್ತು ಅಂತಲೂ ನೋಡಬೇಕು. 2022ರಲ್ಲಿ ಬೆಂಗಳೂರಿಗೆ ದಾಖಲೆ ಮಳೆ. 2023ರಲ್ಲಿ ರಾಜ್ಯಕ್ಕೇ ಬರ, ಮುಂದಿನ ಬೇಸಿಗೆಯಲ್ಲಿ ನಾವೆಲ್ಲ ಟ್ಯಾಂಕರ್ ಹಿಂದೆ ಓಡಿದ್ದು ನೆನಪಿರಬೇಕು. ಹಾಗಾಗಿ 2023ರ ಫೆಬ್ರವರಿಯನ್ನು 2024ರ ಫೆಬ್ರವರಿ ಜೊತೆ ಹೋಲಿಸಿದರೆ ಒಂದು ಮರಕ್ಕೂ ಕೊಡಲಿ ಬೀಳದಿದ್ದರೂ ಊರು ಒಣಗಿದಂತೆ ಕಾಣುತ್ತದೆ. ಇದಕ್ಕೆ ಮದ್ದು, ಒಂದೊಂದೇ ವರ್ಷ ತೆಗೆದುಕೊಳ್ಳದಿರುವುದು. 2019, 20, 21 ಒಂದು ಗುಂಪು, 2023, 24, 25 ಇನ್ನೊಂದು ಗುಂಪು ಮಾಡಿ. ಪ್ರತಿ ಗುಂಪಿನಲ್ಲೂ ಆ ಒಂದೂವರೆ ತಿಂಗಳ ಮೋಡವಿಲ್ಲದ ಚಿತ್ರಗಳನ್ನೆಲ್ಲ ಪೇರಿಸಿ ಪ್ರತಿ ಚೌಕಕ್ಕೂ ಮಧ್ಯದ ಬೆಲೆ (ಮೀಡಿಯನ್) ತೆಗೆಯಿರಿ. ಉಪಗ್ರಹ ಚಿತ್ರಗಳ ಲೆಕ್ಕವನ್ನು ಬ್ರೌಸರಿನಲ್ಲೇ ಮಾಡಿಕೊಡುವ ಗೂಗಲ್ ಅರ್ಥ್ ಎಂಜಿನ್‌ನಲ್ಲಿ (ಅರ್ಥ್ ಪ್ರೊ ಬೇರೆ, ಇದು ಬೇರೆ) ಇದು ನಾಲ್ಕು ಸಾಲು ಕೋಡಿನ ಕೆಲಸ.

ಇನ್ನೊಂದು ಗುಂಡಿ ಇದೆ, ನಾನೂ ಬಿದ್ದಿದ್ದೇನೆ. ಎನ್‌ಡಿವಿಐ ಅನ್ನುವ ಹಸಿರಿನ ಸೂಚ್ಯಂಕ ತೆಗೆಯುವುದು ಸುಲಭ: ಅವಕೆಂಪು (ಕಣ್ಣಿಗೆ ಕಾಣದ ಇನ್‌ಫ್ರಾರೆಡ್) ಬೆಳಕಿನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರಾಯಿತು. ಎಲೆ ಕೆಂಪನ್ನು ನುಂಗಿ ಅವಕೆಂಪನ್ನು ವಾಪಸ್ ಕಳಿಸುತ್ತದೆ, ಅದಕ್ಕೇ ಹಸಿರಿದ್ದ ಕಡೆ ಸಂಖ್ಯೆ ಒಂದರ ಕಡೆಗೆ ಹೋಗುತ್ತದೆ. ಆದರೆ 2022ರ ಜನವರಿ 25ರಿಂದ ಸೆಂಟಿನೆಲ್ ಚಿತ್ರಗಳ ಪ್ರತಿ ಸಂಖ್ಯೆಗೂ 1000 ಸೇರಿಸಿ ಕೊಡುತ್ತಿದ್ದಾರೆ. ಒಂದು ಮರದ ಕೆಂಪು 500, ಅವಕೆಂಪು 3000 ಅಂದುಕೊಳ್ಳಿ. ಸೂಚ್ಯಂಕ 0.71, ಒಳ್ಳೇ ಮರ. ಎರಡಕ್ಕೂ ಸಾವಿರ ಸೇರಿಸಿ ನೋಡಿ, 1500 ಮತ್ತು 4000. ಸೂಚ್ಯಂಕ 0.45ಕ್ಕೆ ಇಳಿಯಿತು! ಮರ ಅಲ್ಲೇ ಇದೆ, ಎಲೆಯೂ ಅಷ್ಟೇ ಇದೆ. ನಾನು ಇದನ್ನು ನೋಡದೆ ಇಡೀ ದಕ್ಷಿಣ ಬೆಂಗಳೂರು ಬೋಳಾಯಿತು ಅಂತ ನಕ್ಷೆ ಮಾಡಿಕೊಂಡು ಸಭೆಗೆ ಹೋಗಿದ್ದೆ. 'ಲಾಲ್‌ಬಾಗೂ ಬೋಳಾಗಿದೆಯಾ ಸಾರ್?' ಅಂತ ಎಂಜಿನಿಯರ್ ಕೇಳಿದರು. ಆಗಿತ್ತು, ನನ್ನ ನಕ್ಷೆಯಲ್ಲಿ. ಆ ಸಾವಿರ ಕಳೆದು ಲೆಕ್ಕ ಮಾಡಿ, ಅಥವಾ ಅರ್ಥ್ ಎಂಜಿನ್‌ನಲ್ಲಿ ಹಾರ್ಮನೈಸ್ಡ್ ಅಂತ ಹೆಸರಿರುವ ಸಂಗ್ರಹವನ್ನೇ ಬಳಸಿ, ಅವರೇ ಸರಿಮಾಡಿ ಇಟ್ಟಿರುತ್ತಾರೆ.

ಅಲ್ಲಿಂದೀಚೆಗೆ ನಾನು ಮೊದಲು ನೋಡುವುದು ಲಾಲ್‌ಬಾಗು, ಕಬ್ಬನ್ ಪಾರ್ಕು. ದಟ್ಟ ಮರಗಳಿರುವ ಕಡೆ ಎರಡೂ ಕಾಲದ ಸಂಖ್ಯೆ ಹತ್ತಿರ ಇಲ್ಲದಿದ್ದರೆ ತಪ್ಪು ಲೆಕ್ಕದಲ್ಲಿದೆ, ಊರಿನಲ್ಲಲ್ಲ.

ಗೆರೆ ಎಳೆಯುವುದು

ಸೂಚ್ಯಂಕ ಎಷ್ಟರ ಮೇಲೆ ಇದ್ದರೆ ಮರ? ಯಾರೋ ಬರೆದ 0.4 ಅನ್ನು ಕಣ್ಣುಮುಚ್ಚಿ ಹಾಕಬೇಡಿ. ನಿಮಗೆ ಗೊತ್ತಿರುವ ಮರ, ಹುಲ್ಲು, ಟಾರು ರಸ್ತೆ ಒಂದಿಪ್ಪತ್ತು ಕಡೆ ಕ್ಲಿಕ್ ಮಾಡಿ ನೋಡಿ, ಗೆರೆ ಎಲ್ಲಿ ಅಂತ ಗೊತ್ತಾಗುತ್ತದೆ. ಎರಡೂ ಕಾಲಕ್ಕೆ ಅದೇ ಗೆರೆ. ಕೆರೆಗಳನ್ನು ಮಾತ್ರ ಮೊದಲೇ ಕತ್ತರಿಸಿ ತೆಗೆಯಿರಿ. ಬೆಳ್ಳಂದೂರು, ವರ್ತೂರು ಕೆರೆ ತುಂಬ ಕಳೆ ಹಬ್ಬಿದ ವರ್ಷಗಳಲ್ಲಿ ಉಪಗ್ರಹಕ್ಕೆ ಅದು ಸೊಗಸಾದ ಹಸಿರು. ಕೊಳಚೆ ನೀರು ಜಾಸ್ತಿ ಆದಷ್ಟೂ ಊರು ಹಸಿರು ಅನ್ನುವ ಲೆಕ್ಕ ಬರುತ್ತದೆ, ಕಳೆ ತೆಗೆಸಿದ ವರ್ಷ ಹಸಿರು ಹೋಯಿತು ಅಂತ ಬರುತ್ತದೆ.

ರೆಡಿಮೇಡ್ ನಕ್ಷೆ ಸಾಲದಾ ಅಂತ ಕೇಳುತ್ತಾರೆ. ಯುರೋಪಿನವರ ವರ್ಲ್ಡ್‌ಕವರ್ ನಕ್ಷೆ 2020ಕ್ಕೂ ಇದೆ, 2021ಕ್ಕೂ ಇದೆ, ನೋಡಲು ಚಂದ. ಆದರೆ ಎರಡನ್ನೂ ಬೇರೆ ಬೇರೆ ವಿಧಾನದಲ್ಲಿ ಮಾಡಿದ್ದಾರೆ. ಒಂದರಿಂದ ಒಂದನ್ನು ಕಳೆದರೆ ಬರುವುದರಲ್ಲಿ ವಿಧಾನದ ವ್ಯತ್ಯಾಸವೂ ಸೇರಿರುತ್ತದೆ. ಬದಲಾವಣೆ ಅಳೆಯಲು ಅದು ಬೇಡ.

ಚುಕ್ಕೆ ಎಣಿಸಿ

ಇಷ್ಟೆಲ್ಲ ಮಾಡಿದ ಮೇಲೂ ನಾನು ನಂಬುವುದು ಚುಕ್ಕೆಗಳನ್ನು. ಕ್ಯೂಜಿಐಎಸ್‌ನಲ್ಲಿ ನಿಮ್ಮ ಗಡಿಯೊಳಗೆ 500 ಚುಕ್ಕೆ ಎಲ್ಲೆಂದರಲ್ಲಿ (ರ‍್ಯಾಂಡಮ್ ಆಗಿ) ಎರಚಿ, ಯಾವುದನ್ನೂ ನೀವೇ ಆರಿಸಬೇಡಿ. ಅವನ್ನು ಗೂಗಲ್ ಅರ್ಥ್ ಪ್ರೊದಲ್ಲಿ ತೆರೆದು, ಗಡಿಯಾರದ ಗುರುತು ಒತ್ತಿ ಹಳೇ ಚಿತ್ರಕ್ಕೆ ಹೋಗಿ, ಒಂದೊಂದು ಚುಕ್ಕೆಯ ಕೆಳಗೂ ಏನಿದೆ ಅಂತ ಬರೆಯಿರಿ: ಮರ, ಹುಲ್ಲು, ಬೇರೆ. ಆಮೇಲೆ ಅದೇ ಚುಕ್ಕೆಗಳಿಗೆ ಹೊಸ ಚಿತ್ರ. ಹಳೇ ಚಿತ್ರ ಕೆಲವು ಮೀಟರ್ ಸರಿದಿರುತ್ತದೆ, ಪಕ್ಕದ ತಾರಸಿಯ ಮೂಲೆ ನೋಡಿ ಹೊಂದಿಸಿಕೊಳ್ಳಿ. ಅಪಾರ್ಟ್‌ಮೆಂಟಿನ ನೆರಳು ಬಿದ್ದು ಕಾಣದಿದ್ದರೆ 'ಗೊತ್ತಿಲ್ಲ' ಅಂತ ಬರೆಯಿರಿ, ಊಹೆ ಬೇಡ.

ಇಬ್ಬರು ಬೇರೆ ಬೇರೆ ಕೂತು ಎಣಿಸಬೇಕು. ನನ್ನ ಜೊತೆ ಎದುರುಮನೆಯ ರಿಟೈರ್ಡ್ ಮೇಷ್ಟ್ರು ಕೂತಿದ್ದರು. ಒಂದು ಚುಕ್ಕೆಗೆ ನಾನು ಮರ ಅಂದೆ. 'ಮರ ಅಲ್ಲ ಕಣ್ರೀ, ನರ್ಸರಿಯವರು ಕಟ್ಟಿರೋ ಹಸಿರು ಬಲೆ' ಅಂದರು ಮೇಷ್ಟ್ರು. ನೋಡಿದರೆ ಹೌದು, ನಾಲ್ಕು ಮೂಲೆ ನೇರ ಇತ್ತು. ತಾರಸಿ ಮೇಲಿನ ಫುಟ್‌ಬಾಲ್ ಟರ್ಫುಗಳೂ ಹೀಗೇ ಮೋಸ ಮಾಡುತ್ತವೆ. ಕಣ್ಣಿಗೆ ಹಸಿರು, ಅವಕೆಂಪಿನಲ್ಲಿ ಬರೀ ಪ್ಲಾಸ್ಟಿಕ್ಕು. ಸಂಶಯ ಬಂದರೆ ಸೂಚ್ಯಂಕದ ನಕ್ಷೆ ತೆಗೆದು ನೋಡಿ, ಆ ನಕ್ಷೆ ಕೆಲಸಕ್ಕೆ ಬರುವುದು ಇಂಥ ಕಡೆ.

ಉದಾಹರಣೆಗೆ 500ರಲ್ಲಿ 150 ಚುಕ್ಕೆ ಮರ ಅಂತಾದರೆ ನೂರಕ್ಕೆ 30. 4 ಹೆಚ್ಚೋ 4 ಕಮ್ಮಿಯೋ ಇರಬಹುದು ಅಂತ ಪಕ್ಕದಲ್ಲೇ ಬರೆಯಿರಿ, 500 ಚುಕ್ಕೆಗೆ ಅಷ್ಟು ಅಲುಗಾಟ ಇದ್ದೇ ಇರುತ್ತದೆ. ಆದರೆ ಚುಕ್ಕೆಗಳು ಎರಡೂ ಸಲ ಅವೇ ಆಗಿರುವುದರಿಂದ ಬದಲಾವಣೆ ಇನ್ನೂ ಖಚಿತವಾಗಿ ಸಿಗುತ್ತದೆ. 31 ಚುಕ್ಕೆಯಲ್ಲಿ ಮರ ಹೋಗಿ, 9ರಲ್ಲಿ ಹೊಸದಾಗಿ ಬಂದಿದ್ದರೆ ಇಳಿಕೆ 22, ಅಂದರೆ ನೂರಕ್ಕೆ 4.4, ಅದು 2.5ರಷ್ಟು ಆಚೀಚೆ ಇರಬಹುದು. ಹೋದದ್ದನ್ನೂ ಬಂದದ್ದನ್ನೂ ಬೇರೆ ಬೇರೆ ಕೊಡಿ. ಬರೀ ಇಳಿಕೆ ಕೊಟ್ಟರೆ ನೆಟ್ಟ ಸಸಿ ಎಲ್ಲಿ ಹೋಯಿತು ಅಂತ ಕೇಳುತ್ತಾರೆ, ಬರೀ ನೆಟ್ಟದ್ದನ್ನು ಕೊಟ್ಟರೆ ನಾವು ಕೇಳುತ್ತೇವೆ.

ಮುಗಿಯಿತು ಅಂತ ಚುಕ್ಕೆಗಳ ಫೈಲನ್ನು ಅಳಿಸಬೇಡಿ. ಗಡಿ, ಚಿತ್ರದ ತಾರೀಕು, ಗೆರೆ ಎಳೆದ ಸಂಖ್ಯೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅದರ ಜೊತೆಗೇ ಇಡಿ. ಬರುವ ಸಂಕ್ರಾಂತಿ ಕಳೆದ ಮೇಲೆ ಅದೇ 500 ಚುಕ್ಕೆ ತೆರೆದು ಹೊಸ ಚಿತ್ರ ಹಾಕಿ ಕೂತರೆ ಒಂದು ಮಧ್ಯಾಹ್ನದ ಕೆಲಸ, ಮೇಷ್ಟ್ರಿದ್ದರೆ ಎರಡು ಮಧ್ಯಾಹ್ನ.