ಜೇಮ್ಸನ್ ಮನೆತನದ ವಂಶಾವಳಿಯನ್ನು ನಾನು ಬರೆದ ಬಗೆ

ಡಬ್ಲಿನ್‌ನಲ್ಲಿ ನೆಲೆಸಿದ ಮೇಲೆ ನಾನು ಬಿಡುವಿನಲ್ಲಿ ಕೈಗೆತ್ತಿಕೊಂಡ ದೊಡ್ಡ ಕೆಲಸವೆಂದರೆ ಐರಿಶ್ ವಿಸ್ಕಿಯ ಜಾನ್ ಜೇಮ್ಸನ್ ಮನೆತನದ ವಂಶಾವಳಿಯನ್ನು ಕನ್ನಡದಲ್ಲಿ ಬರೆದಿಡುವುದು. ಬಾಟಲಿಯ ಮೇಲಿರುವ 1780 ಎಂಬ ಇಸವಿಯನ್ನೇ ನಂಬಿ ಆರಂಭಿಸಿದ್ದು ನನ್ನ ಮೊದಲ ತಪ್ಪು. ಆ ವರ್ಷ ಡಬ್ಲಿನ್‌ನ ಬೋ ಸ್ಟ್ರೀಟ್‌ನಲ್ಲಿ ಡಿಸ್ಟಿಲರಿ, ಅಂದರೆ ವಿಸ್ಕಿ ತೆಗೆಯುವ ಕಾರ್ಖಾನೆ, ಆರಂಭವಾದದ್ದು ನಿಜ. ಆದರೆ ಅದು ಸ್ಟೈನ್ ಮನೆತನದ್ದು. ಜೇಮ್ಸನ್ 1786ರ ಹೊತ್ತಿಗೆ ಅಲ್ಲಿ ವ್ಯವಸ್ಥಾಪಕನಾಗಿದ್ದ. ಒಡೆತನ ಕೈಸೇರಿದ್ದು 1805ರಲ್ಲಿ, ‘ಜಾನ್ ಜೇಮ್ಸನ್ ಅಂಡ್ ಸನ್’ ಎಂಬ ಹೆಸರು ಬಂದದ್ದು 1810ರಲ್ಲಿ.

1740ರಲ್ಲಿ ಸ್ಕಾಟ್ಲೆಂಡಿನ ಅಲೋವಾದಲ್ಲಿ ಹುಟ್ಟಿ, ಕಾನೂನು ಕಲಿತು, ಅಲ್ಲಿಯೇ ನ್ಯಾಯಾಡಳಿತದ ಕಚೇರಿಯಲ್ಲಿದ್ದ ಮನುಷ್ಯನಿಗೆ ಡಬ್ಲಿನ್‌ನ ಈ ಕಸುಬು ಒಲಿದದ್ದು ಹೇಗೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆತನ ಮದುವೆಯಲ್ಲಿ. 1768ರಲ್ಲಿ ಆತ ಕೈಹಿಡಿದ ಮಾರ್ಗರೆಟ್ ಹೇಗ್‌ಳ ಸೋದರರು ವಿಸ್ಕಿ ತೆಗೆಯುವ ಉದ್ಯಮಿಗಳು. ಆಕೆಯ ತಾಯಿಯ ತವರುಮನೆಯೇ ಸ್ಟೈನ್ ಮನೆತನ. ಮುಂದೆ ಮಗ ಎರಡನೆಯ ಜಾನ್ ಕೂಡ ಸ್ಟೈನ್‌ರ ಮನೆಯಿಂದಲೇ ಹೆಣ್ಣು ತಂದ. ಇದು ತಿಳಿದ ದಿನವೇ ನಾನು ಗಂಡಸರ ಹೆಸರಿನಿಂದ ಕೆಳಗಿಳಿಯುತ್ತಿದ್ದ ನನ್ನ ಹಳೆಯ ನಕ್ಷೆಯನ್ನು ಹರಿದುಹಾಕಿ, ಮಾರ್ಗರೆಟ್‌ಳ ತಾಯಿಯ ಹೆಸರನ್ನು ಹಾಳೆಯ ತುದಿಯಲ್ಲಿ ಬರೆದು ಹೊಸದಾಗಿ ಆರಂಭಿಸಿದೆ.

ದಾಖಲೆಗಳ ಕಷ್ಟ ಬೇರೆ. 1922ರ ಅಂತರ್ಯುದ್ಧದಲ್ಲಿ, ಬೋ ಸ್ಟ್ರೀಟ್‌ನಿಂದ ಕೆಲವೇ ನಿಮಿಷಗಳ ನಡಿಗೆಯ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯ ಸಂಕೀರ್ಣದಲ್ಲಿದ್ದ ಸಾರ್ವಜನಿಕ ದಾಖಲೆ ಭಂಡಾರ ಸುಟ್ಟುಹೋಗಿ, ಉಯಿಲುಗಳೂ 19ನೆಯ ಶತಮಾನದ ಹಳೆಯ ಜನಗಣತಿಯ ಬಹುಪಾಲೂ ಬೂದಿಯಾದವು. ಉಳಿದದ್ದು 1708ರಿಂದ ನಡೆದುಬಂದಿರುವ ಆಸ್ತಿಪತ್ರಗಳ ನೋಂದಣಿ ಕಚೇರಿ. ಅದು ಹೆನ್ರಿಯೆಟಾ ಸ್ಟ್ರೀಟ್‌ನಲ್ಲಿದ್ದುದರಿಂದ ಬೆಂಕಿಗೆ ಸಿಗಲಿಲ್ಲ. ಎರಡು ಕೈಗಳಿಂದ ಎತ್ತಬೇಕಾದ ಆ ದಪ್ಪ ಪುಸ್ತಕಗಳ ಹೆಸರಿನ ಸೂಚಿಯಲ್ಲಿರುವುದು ಆಸ್ತಿಪತ್ರ ಬರೆದುಕೊಟ್ಟವರ ಹೆಸರು ಮಾತ್ರ, ಬರೆಸಿಕೊಂಡವರದ್ದಲ್ಲ. ಆದ್ದರಿಂದ ಜೇಮ್ಸನ್ ಎಂದು ಹುಡುಕಿ ಬರಿಗೈಲಿ ಬಂದ ಮೇಲೆ, ಆತನಿಗೆ ಆಸ್ತಿ ಬರೆದುಕೊಟ್ಟಿರಬಹುದಾದ ನಂಟರ ಹೆಸರುಗಳನ್ನು ಒಂದೊಂದಾಗಿ ಹುಡುಕುವುದನ್ನು ಕಲಿತೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ‘ಜಾನ್’ ಎಂಬ ಹೆಸರು. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವಂತೆ ಇವರಲ್ಲಿ ತಲೆತಲಾಂತರವಾಗಿ ಜಾನ್ ಎಂದೇ ಇಟ್ಟರು. 1805ರಿಂದ ತಂದೆ ತೀರಿಕೊಂಡ 1823ರವರೆಗೆ ಇಬ್ಬರು ಜಾನ್‌ಗಳು ಒಂದೇ ವ್ಯಾಪಾರದಲ್ಲಿದ್ದರು. ಮಗನ ವ್ಯವಹಾರವೊಂದನ್ನು ತಂದೆಯ ಖಾತೆಗೆ ಸೇರಿಸಿ, ಆ ಗಂಟು ಬಿಡಿಸಲು ನಾನು ಒಂದು ಚಳಿಗಾಲವನ್ನೇ ಕಳೆದೆ. ಅಂದಿನಿಂದ ಹೆಂಡತಿಯ ಹೆಸರು ಸಿಗದ ಹೊರತು ಯಾವ ಜಾನ್‌ನನ್ನೂ ನಕ್ಷೆಗೆ ಸೇರಿಸುತ್ತಿಲ್ಲ.

ಮೊದಲನೆಯ ಜಾನ್ ಮತ್ತು ಮಾರ್ಗರೆಟ್ ದಂಪತಿಗೆ ಹದಿನಾರು ಮಕ್ಕಳು. ಅವರಲ್ಲಿ ಆಂಡ್ರ್ಯೂ ವೆಕ್ಸ್‌ಫರ್ಡ್‌ ಕೌಂಟಿಯ ಎನಿಸ್ಕಾರ್ತಿಯಲ್ಲಿ ಸಣ್ಣ ಡಿಸ್ಟಿಲರಿ ಇಟ್ಟುಕೊಂಡ. ಆತನ ಮಗಳು ಆ್ಯನಿ ಇಟಲಿಯ ಮಾರ್ಕೋನಿ ಮನೆತನಕ್ಕೆ ಸೊಸೆಯಾಗಿ ಹೋದಳು. 1874ರಲ್ಲಿ ಬೊಲೋನ್ಯದಲ್ಲಿ ಹುಟ್ಟಿದ ಆಕೆಯ ಮಗನೇ ರೇಡಿಯೊದ ಗುಲಿಯೆಲ್ಮೊ ಮಾರ್ಕೋನಿ. ಆಕೆಯ ಹೆಸರಿಗೆ ಜಾಗ ಸಾಲದೆ ಹಾಳೆಯ ಬಲಬದಿಗೆ ಇನ್ನೊಂದು ಹಾಳೆಯನ್ನು ಅಂಟಿಸಿದ್ದೇನೆ.