ಅತ್ತೆಯ ಸಾಸಿವೆ ಡಬ್ಬಿ ಮತ್ತು ನಮ್ಮ ಫೋನು: ಹಳೆ ಉಳಿತಾಯದ ಮಾತುಗಳನ್ನು ಈಗಿನ ಮನೆಗೆ ಹೊಂದಿಸುವುದು ಹೇಗೆ?

ನಮ್ಮತ್ತೆ ಹಾವೇರಿ ಕಡೆಯವರು. ಬೆಂಗಳೂರಿನ ನಮ್ಮ ಮನೆಗೆ ಬಂದಾಗಲೆಲ್ಲ ಸಂಜೆ ಒಂದು ಸುತ್ತು ಹಾಕಿ ಖಾಲಿ ಕೋಣೆಗಳ ದೀಪ ಆರಿಸುತ್ತಾರೆ. ಅದೇ ಹೊತ್ತಿಗೆ ಮಕ್ಕಳ ಸ್ನಾನಕ್ಕೆಂದು ಹಾಕಿದ ಗೀಸರ್ ಬಚ್ಚಲಲ್ಲಿ ತನ್ನ ಪಾಡಿಗೆ ಓಡುತ್ತಿರುತ್ತದೆ. ಅದರತ್ತ ಅವರೂ ನೋಡುವುದಿಲ್ಲ, ನಾವೂ ನೋಡುವುದಿಲ್ಲ.

ಒಂದು ದಿನ ಕೂತು ಲೆಕ್ಕ ಹಾಕಿದೆ. 2,000 ವ್ಯಾಟಿನ ಗೀಸರ್ ಅರ್ಧ ಗಂಟೆ ಓಡಿದರೆ ಒಂದು ಯೂನಿಟ್. 9 ವ್ಯಾಟಿನ ಎಲ್‌ಇಡಿ ಬಲ್ಬು ಅಷ್ಟೇ ಕರೆಂಟು ತಿನ್ನಲು ಸುಮಾರು 111 ಗಂಟೆ ಉರಿಯಬೇಕು, ಅಂದರೆ ನಾಲ್ಕೂವರೆ ದಿನ ಹಗಲೂ ರಾತ್ರಿ. ಅತ್ತೆ ಈ ಪಾಠ ಕಲಿತಾಗ ಮನೆಯಲ್ಲಿ 60 ವ್ಯಾಟಿನ ಬಲ್ಬಿತ್ತು, ಬಚ್ಚಲಲ್ಲಿ ಹಂಡೆ ಮತ್ತು ಸೌದೆ ಒಲೆ ಇತ್ತು. ಅವರ ಮಾತು ಆ ಮನೆಗೆ ಸರಿಯಾಗಿಯೇ ಇತ್ತು. ಈ ಮನೆಗೆ ಅದನ್ನು ಮತ್ತೊಮ್ಮೆ ತೂಗಿ ನೋಡಬೇಕು. ಹಾಗೆ ತೂಗುತ್ತಾ ಹೋದಾಗ ನಮ್ಮ ಮನೆಯಲ್ಲಿ ಉಳಿದದ್ದು, ಬಿಟ್ಟದ್ದು ಇಲ್ಲಿದೆ.

ಮೊದಲು ಒಂದು ತಿಂಗಳು ಬರೀ ಬರೆಯಿರಿ

ಏನನ್ನೂ ಕಡಿಮೆ ಮಾಡಬೇಡಿ. ಹಾಲು, ಆಟೊ, ಹೂವು, ಮಗನ ಪೆನ್ಸಿಲ್ಲು, ರಾತ್ರಿ ಹನ್ನೊಂದಕ್ಕೆ ತರಿಸಿದ ಐಸ್‌ಕ್ರೀಮು, ಎಲ್ಲ ಬರಲಿ. ಹಿಂದೆ ಕಿರಾಣಿ ಅಂಗಡಿಯಲ್ಲಿ ಉದ್ದನೆಯ ಖಾತೆ ಪುಸ್ತಕ ಇರುತ್ತಿತ್ತು. ತಿಂಗಳ ಕೊನೆಗೆ ಶೆಟ್ಟರು ಓದಿ ಹೇಳಿದಾಗ ಎದೆ ಧಸಕ್ಕೆನ್ನುತ್ತಿತ್ತು. ಈಗ ಓದಿ ಹೇಳುವವರಿಲ್ಲ. ಯುಪಿಐ ಆ್ಯಪಿನಿಂದ ತಿಂಗಳ ವಹಿವಾಟಿನ ಪಟ್ಟಿ ಇಳಿಸಿಕೊಂಡು ನೋಟ್‌ಬುಕ್ಕಿಗೆ ಕೈಯಲ್ಲೇ ಬರೆಯಿರಿ. ಕೈಯಲ್ಲಿ ಬರೆಯಿರಿ ಅಂದದ್ದು ಹಳೆ ಚಾಳಿಯಿಂದಲ್ಲ. 20, 40, 35 ಎಂದು ಮೂವತ್ತು ಸಲ ಬರೆದಾಗ ಬೆರಳು ನೋಯುತ್ತದೆ, ಆ ನೋವಿನಿಂದ ಕೆಲಸ ಆಗುತ್ತದೆ. ನಾನು ಬರೆಯುತ್ತಾ ಕೂತದ್ದನ್ನು ನೋಡಿ ಅತ್ತೆ, ‘ಏನವಾ, ಮನ್ಯಾಗ ಅಂಗಡಿ ಇಡಾಕತ್ತೀಯೇನು?’ ಅಂದಿದ್ದರು.

ಎರಡು ಬಣ್ಣದ ಪೆನ್ನು ಸಾಕು. ನೀವೇ ಯೋಚಿಸಿ ಕೊಟ್ಟ ದುಡ್ಡಿಗೆ ನೀಲಿ, ತಾನಾಗಿ ಕಡಿತವಾದ ದುಡ್ಡಿಗೆ ಕೆಂಪು.

ಕೆಂಪು ಸಾಲುಗಳ ಕಡೆಗೆ

ಸೋರುವ ಜಾಗ ಇದು, ಹಳಬರ ಬುದ್ಧಿವಾದದಲ್ಲಿ ಇದಕ್ಕೆ ಹೆಸರೇ ಇಲ್ಲ. ಸಿನಿಮಾ ಆ್ಯಪು, ಹಾಡಿನ ಆ್ಯಪು, ಫೋಟೊ ಇಡುವ ಜಾಗ, ಯಾವಾಗಲೋ ಸೇರಿದ ಜಿಮ್ಮು. ತಿಂಗಳಿಗೆ 199 ರೂಪಾಯಿ ಅಂದರೆ ಚಿಲ್ಲರೆ ಅನಿಸುತ್ತದೆ, ವರ್ಷಕ್ಕೆ ಅದು 2,388. ಇಂಥವು ಐದಿದ್ದರೆ ನೀವೇ ಗುಣಿಸಿಕೊಳ್ಳಿ.

ಕಾರ್ಡ್ ಅಥವಾ ಯುಪಿಐನಿಂದ ತಾನಾಗಿ ಕಡಿತವಾಗುವ ಮೊತ್ತಕ್ಕೆ 24 ಗಂಟೆ ಮುಂಚೆ ಸಂದೇಶ ಬರಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅದು ಬರುತ್ತದೆ, ನಾವು ಓದುವುದಿಲ್ಲ. ಇಂಥ ಬಹುತೇಕ ಕಂತುಗಳಿಗೆ 15,000 ರೂಪಾಯಿವರೆಗೆ ಪ್ರತಿ ಸಲ ಒಟಿಪಿಯೂ ಬೇಡ. ಹಾಗಾಗಿ ಯುಪಿಐ ಆ್ಯಪಿನೊಳಗೆ ‘ಆಟೊಪೇ’ ಅಥವಾ ‘ಮ್ಯಾಂಡೇಟ್’ ಎಂಬಲ್ಲಿ ಹೋಗಿ ಪಟ್ಟಿ ನೋಡಿ. ಕಳೆದ ತಿಂಗಳು ಒಮ್ಮೆಯೂ ತೆರೆಯದೇ ಇದ್ದದ್ದನ್ನು ಅಲ್ಲೇ ರದ್ದು ಮಾಡಿ. ಆ್ಯಪನ್ನು ಫೋನಿನಿಂದ ಅಳಿಸಿದ ಮಾತ್ರಕ್ಕೆ ಕಡಿತ ನಿಲ್ಲುವುದಿಲ್ಲ. ನಾನು ಹಾಗೆ ಅಂದುಕೊಂಡು ಏಳು ತಿಂಗಳು ದುಡ್ಡು ಕೊಟ್ಟಿದ್ದೇನೆ.

ಸಾಲ ಮಾಡಬೇಡ ಎಂಬ ಮಾತನ್ನು ಇಲ್ಲಿಯೇ ನೆನೆಯುವುದು ಒಳ್ಳೆಯದು. ಮನೆ ಕಟ್ಟುವ ಸಾಲದ ಮಟ್ಟಿಗೆ ಅದು ಹಳೆಯದಾಯಿತು, ಕ್ರೆಡಿಟ್ ಕಾರ್ಡಿನ ಮಟ್ಟಿಗೆ ಅಕ್ಷರಶಃ ನಿಜ. ‘ಕನಿಷ್ಠ ಮೊತ್ತ’ ಮಾತ್ರ ಕಟ್ಟಿ ಉಳಿದದ್ದನ್ನು ಮುಂದಕ್ಕೆ ಹಾಕಿದರೆ ಸಾಮಾನ್ಯವಾಗಿ ತಿಂಗಳಿಗೆ ಶೇ 3ರಿಂದ 4ರ ಆಸುಪಾಸು ಬಡ್ಡಿ. ವರ್ಷದ ಲೆಕ್ಕದಲ್ಲಿ ಇದು ಊರ ಬಡ್ಡಿ ಸಾಹುಕಾರನನ್ನು ನಾಚಿಸುತ್ತದೆ.

ಸಾಸಿವೆ ಡಬ್ಬಿಯನ್ನು ಬ್ಯಾಂಕಿಗೆ ಸಾಗಿಸಿ

2016ರ ನವೆಂಬರ್ 8ರ ರಾತ್ರಿ 500, 1,000 ರೂಪಾಯಿ ನೋಟುಗಳು ರದ್ದಾದವು. ಮರುದಿನ ಬೆಳಿಗ್ಗೆ ನಮ್ಮತ್ತೆಯ ಸಾಸಿವೆ ಡಬ್ಬಿ, ಜೋಳದ ಡಬರಿ, ಟ್ರಂಕಿನ ತಳದ ರೇಷ್ಮೆ ಸೀರೆ, ಹೀಗೆ ಮೂರು ಕಡೆಯಿಂದ ರೊಕ್ಕ ಹೊರಬಂತು. ಮಾವ ಬಾಯಿ ತೆರೆದುಕೊಂಡು ನಿಂತಿದ್ದರು. ದುಡ್ಡು ಖಾತೆಗೆ ಹೋಯಿತು, ಆದರೆ ಅತ್ತೆಗೆ ಆದ ನಷ್ಟ ಬೇರೆ: ಇಷ್ಟಿದೆ ಎಂಬುದು ಎಲ್ಲರಿಗೂ ಗೊತ್ತಾಗಿಬಿಟ್ಟಿತು.

ಆ ಡಬ್ಬಿ ಮೂರು ಕೆಲಸ ಮಾಡುತ್ತಿತ್ತು. ಖರ್ಚಿಗೆ ಮುಂಚೆ ದುಡ್ಡು ತೆಗೆದಿಡುವುದು, ಸುಲಭಕ್ಕೆ ಕೈಗೆ ಸಿಗದಂತೆ ಇಡುವುದು, ಹೆಂಗಸಿನ ಸ್ವಂತದ್ದಾಗಿ ಇಡುವುದು. ಹೊಸ ವ್ಯವಸ್ಥೆಯಲ್ಲೂ ಈ ಮೂರೂ ಇರಬೇಕು.

ನಿಮ್ಮ ಹೆಸರಿನಲ್ಲೇ, ಜಂಟಿಯಲ್ಲದ ಇನ್ನೊಂದು ಉಳಿತಾಯ ಖಾತೆ ತೆರೆಯಿರಿ. ಅದನ್ನು ಯುಪಿಐಗೆ ಜೋಡಿಸಬೇಡಿ, ಅದರ ಕಾರ್ಡ್ ಪರ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಸಂಬಳ ಬಂದ ಮರುದಿನಕ್ಕೆ ಇಷ್ಟು ಹಣ ಅಲ್ಲಿಗೆ ತಾನಾಗಿ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ತಾನಾಗಿ ಕಡಿತವಾಗುವ ಜಾಣತನ ಒಮ್ಮೆಯಾದರೂ ನಮ್ಮ ಪರವಾಗಿ ದುಡಿಯಲಿ. ಗೃಹಲಕ್ಷ್ಮಿಯ 2,000 ರೂಪಾಯಿ ಹೇಗೂ ಯಜಮಾನಿಯ ಖಾತೆಗೇ ಬರುವುದು. ಅದರಲ್ಲಿ ಸ್ವಲ್ಪವಾದರೂ ಉಳಿಸಲು ಆಗುವ ಮನೆಗಳಿಗೂ ಇದೇ ದಾರಿ.

ಮೂರು ತಿಂಗಳ ಮನೆಖರ್ಚಿನಷ್ಟು ಅಲ್ಲಿ ಸೇರಿದ ಮೇಲೆ ಅಂಚೆ ಕಚೇರಿಯ ಆರ್‌ಡಿ, ಅಂದರೆ ತಿಂಗಳ ಕಂತಿನ ಠೇವಣಿ, ನೋಡಬಹುದು. ತಿಂಗಳಿಗೆ 100 ರೂಪಾಯಿಯಿಂದ ಶುರು, ಅವಧಿ 5 ವರ್ಷ. ಕಂತು ತಪ್ಪಿದರೆ 100ಕ್ಕೆ 1 ರೂಪಾಯಿ ದಂಡ. 3 ವರ್ಷ ತುಂಬಿದ ಮೇಲೆ ಮುರಿಸಬಹುದು, ಆಗ ಬಡ್ಡಿ ಮಾತ್ರ ಉಳಿತಾಯ ಖಾತೆಯ ದರಕ್ಕೆ ಇಳಿಯುತ್ತದೆ. ಅತ್ತೆಗೆ ಫೋನಿನಲ್ಲಿ ನನ್ನ ಆರ್‌ಡಿ ಮೊತ್ತ ತೋರಿಸಿದಾಗ ಕನ್ನಡಕ ಸರಿಮಾಡಿಕೊಂಡು ನೋಡಿ, ‘ಚೊಲೋ ಐತಿ. ಆದ್ರ ಅಲ್ಲಾಡಿಸಿದ್ರ ಸಪ್ಪಳಾನ ಬರಂಗಿಲ್ಲಲ್ಲ ಇದು’ ಅಂದರು.

ವರ್ಷದ ದಿನಸಿ: ಯಾವುದು ಸೈ, ಯಾವುದು ಬೇಡ

ಸುಗ್ಗಿಯಲ್ಲಿ ಕೊಂಡು ವರ್ಷಪೂರ್ತಿ ಉಣ್ಣು ಎಂಬುದು ದೊಡ್ಡ ಮನೆ, ಅಟ್ಟ, ಕಣಜಗಳ ಕಾಲದ ಮಾತು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕ್ವಿಂಟಲ್ ಅಕ್ಕಿ ಇಟ್ಟರೆ ಹುಳುವಿಗೆ ಬಾಡಿಗೆ ಇಲ್ಲದ ಮನೆ ಕೊಟ್ಟಂತೆ. ನಾನು ಮೂರನ್ನು ಮಾತ್ರ ಉಳಿಸಿಕೊಂಡಿದ್ದೇನೆ: ಮೆಣಸಿನಕಾಯಿ, ಹುಣಸೆಹಣ್ಣು, ತೊಗರಿಬೇಳೆ.

ಮೆಣಸಿನಕಾಯಿಗೆ ನಮ್ಮತ್ತೆಯ ಊರಿನ ಕಡೆಯ ಬ್ಯಾಡಗಿ ಮಾರುಕಟ್ಟೆಯೇ ಸಾಕ್ಷಿ. ಜನವರಿಯಿಂದ ಮಾರ್ಚ್‌ವರೆಗೆ ಅಲ್ಲಿ ಚೀಲಗಳ ಕೆಂಪು ಗುಡ್ಡ. ಆಗ ಕೊಂಡರೆ ಆರಿಸಿಕೊಳ್ಳಲು ಸಿಗುತ್ತದೆ. ಕಾಯಿ ಸುಕ್ಕುಗಟ್ಟಿರಬೇಕು, ಬಣ್ಣ ಗಾಢವಿರಬೇಕು, ಹಿಸುಕಿದರೆ ಮೆತ್ತಗಾಗದೆ ಚಟ್ಟನೆ ಮುರಿಯಬೇಕು. ಮೆತ್ತಗಿದ್ದರೆ ನೀರಿನ ತೂಕಕ್ಕೆ ದುಡ್ಡು ಕೊಟ್ಟಂತೆ, ಜತೆಗೆ ಬೂಷ್ಟು ಬೇರೆ. ಎರಡು ಬಿಸಿಲು ಕೊಟ್ಟು, ತೊಟ್ಟು ಬಿಡಿಸಿ, ಮೂರು ತಿಂಗಳಿಗೆ ಬೇಕಾದಷ್ಟನ್ನೇ ಗಿರಣಿಗೆ ಹಾಕಿಸಿ. ಪುಡಿಯ ಬಣ್ಣ ಬೇಗ ಮಂಕಾಗುತ್ತದೆ. ಇಡೀ ಕಾಯಿ ತಂಪಿನಲ್ಲಿ ಹೆಚ್ಚು ಕಾಲ ತಡೆಯುತ್ತದೆ. ಬ್ಯಾಡಗಿಯ ಸುತ್ತ ಅಷ್ಟೊಂದು ಶೀತಲಗೃಹಗಳು ಎದ್ದಿರುವುದು ಸುಮ್ಮನಲ್ಲ. ಪುಡಿಯ ಡಬ್ಬಿಗೆ ಒಂದು ತುಂಡು ಇಂಗು ಹಾಕುವುದು ಅತ್ತೆಯ ರೂಢಿ. ಈ ರೂಢಿಯನ್ನು ನಾನು ಪ್ರಶ್ನಿಸಲು ಹೋಗಿಲ್ಲ.

ತೊಗರಿ ಕೊಯ್ಲು ಡಿಸೆಂಬರ್, ಜನವರಿಯಲ್ಲಿ. ನಮ್ಮ ಮನೆಗೆ ತಿಂಗಳಿಗೆ ಎರಡೂವರೆ ಕೆಜಿ ಬೇಳೆ ಬೇಕು, ವರ್ಷಕ್ಕೆ 30 ಕೆಜಿ. ಕೆಜಿಗೆ 20 ರೂಪಾಯಿ ಉಳಿದರೂ ಒಟ್ಟು 600. ಬೇಳೆಗೆ ಹುಳು ಬಿದ್ದು ನಾಲ್ಕು ಕೆಜಿ ಎಸೆದರೆ ಆ 600 ಹೋಯಿತು. ಆದ್ದರಿಂದ ಕಾಪಾಡುವ ರೀತಿ ಗೊತ್ತಿದ್ದರೆ ಮಾತ್ರ ಕೊಳ್ಳಿ. ಒಂದು ದಿನ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಕೆಜಿಗೆ ಒಂದು ಚಮಚ ಹರಳೆಣ್ಣೆ ಸವರಿ, ಒಣಗಿದ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಬೇಯಿಸುವ ಮುಂಚೆ ಎರಡು ಸಲ ತೊಳೆದರೆ ಸಾಕು. ಅಕ್ಕಿಯನ್ನು ಮಾತ್ರ ಹೀಗೆ ಬಿಸಿಲಿಗೆ ಹಾಕಬೇಡಿ, ಕಾಳು ಬಿರಿದು ಅನ್ನ ಮುದ್ದೆಯಾಗುತ್ತದೆ. ನೆರಳಲ್ಲಿ ಹರಡಿದರೆ ಸಾಕು.

ರವೆ, ಗೋಧಿ ಹಿಟ್ಟು, ಗೋಡಂಬಿ, ಎಣ್ಣೆ ತಿಂಗಳಿಗೆ ಬೇಕಾದಷ್ಟೇ ಸಾಕು. ‘ಒಂದು ಕೊಂಡರೆ ಒಂದು ಉಚಿತ’ ಫಲಕದ ಮುಂದೆ ನಿಂತಾಗ ‘ಅಗ್ಗದ ಆಸೆಗೆ ಮುಗ್ಗಿದ ಜೋಳ ತಂದರಂತೆ’ ಎಂಬ ಗಾದೆ ನನ್ನನ್ನು ಹಲವು ಸಲ ಕಾಪಾಡಿದೆ.

ಒಲೆ ಮತ್ತು ಮೀಟರ್

ಹೊಸ ಸಿಲಿಂಡರ್ ಜೋಡಿಸಿದ ದಿನ ಅದರ ಮೈಮೇಲೆ ಸೀಮೆಸುಣ್ಣದಿಂದ ತಾರೀಖು ಬರೆಯಿರಿ. 14.2 ಕೆಜಿ ಎಷ್ಟು ದಿನ ಬಂತು ಎಂಬುದು ಗೊತ್ತಿಲ್ಲದೆ ಉಳಿತಾಯದ ಮಾತು ಬರೀ ಗಾಳಿ. ಕಾಳು ನೆನೆಹಾಕು ಎಂಬ ಹಳೆ ಮಾತು ಈಗಲೂ ನೂರಕ್ಕೆ ನೂರು ಸರಿ. ಕುಕ್ಕರ್ ವಿಷಯದಲ್ಲಿ ಮಾತ್ರ ಒಂದು ತಿದ್ದುಪಡಿ. ಮೊದಲ ಸೀಟಿ ಬರುವ ಹೊತ್ತಿಗೆ ಒಳಗಿನ ಬಿಸಿ 120 ಡಿಗ್ರಿ ಆಸುಪಾಸು ತಲುಪಿರುತ್ತದೆ. ಆಮೇಲೆ ಉರಿ ಜೋರು ಮಾಡಿದರೆ ಬಿಸಿ ಹೆಚ್ಚುವುದಿಲ್ಲ, ಆವಿ ಹೊರಗೆ ಹೋಗುತ್ತದೆ ಅಷ್ಟೇ. ಉರಿ ಸಣ್ಣಗೆ ಮಾಡಿ ಗಡಿಯಾರ ನೋಡಿ. ಸೀಟಿ ಎಣಿಸುವ ಚಟ ಬಿಡಿ.

ಗೃಹಜ್ಯೋತಿ ಇರುವ ಮನೆಗಳು ತಿಂಗಳ ಮಧ್ಯದಲ್ಲಿ ಒಮ್ಮೆ ಮೀಟರ್ ನೋಡುವುದು ಲೇಸು. ತಿಂಗಳ ಬಳಕೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು. ಆ ಗಡಿಯ ಹತ್ತಿರ ಇರುವವರಿಗೆ ಹತ್ತು ನಿಮಿಷದ ಗೀಸರಿಗೂ ಬೆಲೆ ಇದೆ.

ಚೀಟಿ ಹಾಕುವುದಾದರೆ

ಹತ್ತು ವರ್ಷದ ಹಿಂದೆ ನಮ್ಮ ಬಡಾವಣೆಯ ಒಂದು ಚೀಟಿಯಲ್ಲಿ ನಾನೂ ದುಡ್ಡು ಕಳೆದುಕೊಂಡೆ. ನಡೆಸುತ್ತಿದ್ದವರು ಒಳ್ಳೆಯವರೇ, ಮೊದಲೇ ಚೀಟಿ ಎತ್ತಿಕೊಂಡವರು ಕಂತು ನಿಲ್ಲಿಸಿದರು, ಕೇಳಲು ಕಾಗದವೇ ಇರಲಿಲ್ಲ. 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ಚೀಟಿಗೆ ಮುಂಚಿತ ಅನುಮತಿ, ನೋಂದಣಿ ಬೇಕು. ನಡೆಸುವವರ ಕಮಿಷನ್‌ಗೆ 2019ರ ತಿದ್ದುಪಡಿಯ ನಂತರ ಶೇ 7ರ ಮಿತಿ ಇದೆ. ನೋಂದಣಿ ಸಂಖ್ಯೆ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಕಾಫಿ ಕುಡಿದು ಎದ್ದುಬನ್ನಿ.

ಬಿಡಬೇಕಾದವು, ಮತ್ತು ಯಾರ ಕೈ ಎಂಬ ಪ್ರಶ್ನೆ

ಕರಿದ ಎಣ್ಣೆಯನ್ನು ಸೋಸಿಟ್ಟು ಮತ್ತೆ ಮತ್ತೆ ಕರಿಯುವುದು ಬೇಡ. ಅವಧಿ ಮುಗಿದ ಮಾತ್ರೆ ಬೇಡ. ಉಳಿತಾಯವೆಂದು ವರ್ಷಕ್ಕೊಂದು ಒಡವೆ ಮಾಡಿಸುವುದಕ್ಕೂ ನಾನು ಕೈ ಮುಗಿದಿದ್ದೇನೆ. ತೊಡಲು ಮಾಡಿಸಿ, ಬೇಡವೆನ್ನುವುದಿಲ್ಲ. ಮಾರುವಾಗ ಮಜೂರಿ, ವೇಸ್ಟೇಜು, ಶೇ 3ರ ಜಿಎಸ್‌ಟಿ ಯಾವುದೂ ವಾಪಸ್ ಬರುವುದಿಲ್ಲ.

ಇನ್ನೊಂದನ್ನು ಹೇಳಲೇಬೇಕು. ಹಳೆ ಸೀರೆಗಳ ಕೌದಿ, ಮನೆಯ ಹಪ್ಪಳ, ಸಂಡಿಗೆ, ಕುಟ್ಟಿದ ಖಾರ, ಇವೆಲ್ಲ ಅಗ್ಗವಾಗಿದ್ದದ್ದು ಅತ್ತೆಯಂಥವರ ಮಧ್ಯಾಹ್ನಗಳಿಗೆ ಯಾರೂ ಬೆಲೆ ಕಟ್ಟದ ಕಾರಣಕ್ಕೆ. ಆದ್ದರಿಂದ ಯಾವುದೇ ಹಳೆ ಪದ್ಧತಿ ಹಿಡಿಯುವ ಮುಂಚೆ ನೋಟ್‌ಬುಕ್ಕಿನಲ್ಲಿ ಎರಡು ಅಂಕಣ ಬರೆಯಿರಿ: ಎಷ್ಟು ರೂಪಾಯಿ ಉಳಿಯಿತು, ಎಷ್ಟು ಗಂಟೆ ಹಿಡಿಯಿತು. ಪಕ್ಕದಲ್ಲಿ ಮಾಡಿದವರ ಹೆಸರು. ನಮ್ಮ ಮನೆಯ ಪುಟದಲ್ಲಿ ಮೊದಲ ತಿಂಗಳು ಒಂದೇ ಹೆಸರು ಹನ್ನೊಂದು ಸಲ ಇತ್ತು.

ಈ ಬೇಸಿಗೆಯಲ್ಲಿ ಐದು ಕೆಜಿ ಬ್ಯಾಡಗಿಯ ತೊಟ್ಟು ಬಿಡಿಸುವ ಸರದಿ ನಮ್ಮ ಮನೆಯವರದು. ಮುಗಿಸಿ, ಕೈ ತೊಳೆಯದೆ ಕಣ್ಣು ಉಜ್ಜಿಕೊಂಡರು. ಅರ್ಧ ಗಂಟೆ ನಲ್ಲಿಯ ಕೆಳಗೆ ಮುಖ ಹಿಡಿದು ನಿಂತವರು ಹೊರಗೆ ಬಂದು ಕೇಳಿದ ಮೊದಲ ಪ್ರಶ್ನೆ, ಅಂಗಡಿಯಲ್ಲಿ ಪುಡಿ ಕೆಜಿಗೆ ಎಷ್ಟು ಅಂತ.